ಶಾಲು ಹೊದಿಸಿ ಕಳಿಸಿದ ಕೋಚು

ಕಳೆದ ಸೋಮವಾರ ಬೆಳಿಗ್ಗೆ ಮಾಳಮಡ್ಡಿಯ ನಮ್ಮ ಮನೆ ಬಾಗಿಲು ಬಡಿದವನು ಮಾರೆಕ್. ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಪೋಲೆಂಡಿನವ. ಕೈಯಲ್ಲಿ ಮಡಿಚಿದ ಶಾಲು. ನನ್ನ ಎದೆ ಧಸಕ್ಕೆಂದಿತು. (ಹಾಲಿನವನು ಬಾಗಿಲು ಬಡಿದರೂ ಧಸಕ್ಕೆನ್ನುವ ಎದೆ, ಆ ಮಾತು ಬೇರೆ.)

ಮಾರೆಕ್ ತನ್ನ ದೇಶದ ಎರಡನೇ ದರ್ಜೆಯ ಫುಟ್‌ಬಾಲ್ ಲೀಗಿನಲ್ಲಿ ಡಿಫೆಂಡರ್ ಆಗಿದ್ದವನು. ಮೊಣಕಾಲು ಕೈಕೊಟ್ಟಿತು. ಸೈಪ್ರಸ್ಸಿಗೆ ಹೋಗಿ ಕೋಚ್ ಆದ. ಅಲ್ಲಿಂದ ಗೋವಾ. ಗೋವಾದಿಂದ ನಮ್ಮೂರ ಅಂಚಿನ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಟೀಮು. ವೃತ್ತಿಜೀವನ ಅಂದರೆ ಮೇಲಕ್ಕೇರುವುದು ಅಂತ ಯಾರು ಹೇಳಿದರು?

ಟೀಮು ಇನ್ನು ಸಾಕು ಎಂದು ಕಾರ್ಖಾನೆ ತೀರ್ಮಾನಿಸಿತು. ಅವನಿಗೆ ಹೇಳುವವರು ಯಾರು? ಅವನ ಮನೆ ಮಾಲೀಕ, ಇಂಗ್ಲಿಷ್ ಬಲ್ಲವ ಎಂದು ಮ್ಯಾನೇಜರ್ ಪಾಟೀಲರು ನನ್ನನ್ನು ಕರೆಸಿದರು.

"ಮಾರಿ ಎದುರಿಗೆ ಹೆಂಗ ಹೇಳೂದ್ರಿ ಸರ? ಒಂದ್ ಶಾಲು ಹೊದಿಸಿ ಸನ್ಮಾನ ಮಾಡೂಣು. ತಾನ ತಿಳಕೋತಾನ."

ನಮ್ಮವರಾದರೆ ತಿಳಿದುಕೊಳ್ಳುತ್ತಿದ್ದರು, ಖರೆ. ಶಾಲು, ಹಾರ, ಹಣ್ಣಿನ ಬುಟ್ಟಿ ಮೂರೂ ಒಟ್ಟಿಗೆ ಬಂದರೆ ಕುರ್ಚಿ ಹೋಯಿತೆಂದೇ ಲೆಕ್ಕ.

ಶನಿವಾರ ಕ್ಯಾಂಟೀನಿನಲ್ಲಿ ಸನ್ಮಾನ. ಪಾಟೀಲರ ಭಾಷಣವನ್ನು ಇಂಗ್ಲಿಷಿನಲ್ಲಿ ಹೇಳುವ ಕೆಲಸ ನನ್ನದು. ಎಲ್ಲೇ ಇರಲಿ, ಚೆನ್ನಾಗಿರಲಿ ಎಂದರು. ನಾನೂ ಅಷ್ಟನ್ನೇ ಹೇಳಿದೆ. ನಿನ್ನ ಕೆಲಸ ಇವತ್ತಿಗೆ ಮುಗಿಯಿತು ಎಂಬ ಒಂದು ಸಾಲು ಸೇರಿಸಬೇಕಿತ್ತು. ಗಂಟಲವರೆಗೆ ಬಂದಿತ್ತು. ಅಷ್ಟರಲ್ಲಿ ಚಪ್ಪಾಳೆ. ಮಾರೆಕ್ ಕಣ್ಣೊರೆಸಿಕೊಂಡ. ಯಾವ ದೇಶದಲ್ಲೂ ತನಗೆ ಇಷ್ಟು ಗೌರವ ಸಿಕ್ಕಿಲ್ಲ ಎಂದ. ನಾನು ಹಣ್ಣಿನ ಬುಟ್ಟಿ ನೋಡುತ್ತ ನಿಂತೆ.

ಸೋಮವಾರ ಎಂದಿನಂತೆ ಸೀಟಿ ಕೊರಳಿಗೆ ಹಾಕಿಕೊಂಡು ಹೋಗಿದ್ದಾನೆ. ಗೇಟಿನ ದಾದಾಪೀರ್ ಕಾಕಾ ಒಳಗೆ ಬಿಟ್ಟಿಲ್ಲ. ಟೀಮೇ ಇಲ್ಲ ಅಂತ ಮೊದಲು ಹೇಳಿದವನು ಆ ಕಾವಲುಗಾರ.

ಇಷ್ಟೇ ಆಗಿದ್ದರೆ ನಾನು ಹೇಗೋ ನಿದ್ದೆ ಮಾಡುತ್ತಿದ್ದೆ. ಮಾಲ್ಡೀವ್ಸಿನ ಕ್ಲಬ್ಬೊಂದು ಅವನನ್ನು ಕರೆದಿತ್ತಂತೆ. ಇಷ್ಟು ಪ್ರೀತಿಸುವ ಜನರನ್ನು ಬಿಟ್ಟು ಬರಲಾರೆ ಎಂದು ಭಾನುವಾರವೇ ಬರೆದುಬಿಟ್ಟಿದ್ದಾನೆ. ಗೇಟಿನಿಂದಲೇ ಫೋನ್ ಮಾಡಿ ಕೇಳಿದರೆ, ಆ ಜಾಗ ಬೇರೆಯವರಿಗೆ ಹೋಗಿತ್ತು.

ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದ. ಆಟಗಾರರಿಂದ ಕಲಿತ ಕನ್ನಡ.

"ಸರ, ನಿಮಗ ಗೊತ್ತಿತ್ತೇನ್ರಿ?"

ನಾನು ಚಹಾ ಕುಡಿಯಲು ಕರೆದೆ. ಅವನು ಶಾಲನ್ನು ಕುರ್ಚಿಯ ಮೇಲಿಟ್ಟು ಮಹಡಿ ಹತ್ತಿದ.

ಶುಕ್ರವಾರ ಊರು ಬಿಡುತ್ತಾನೆ. ಎಲ್ಲಿಗೆ ಅಂತ ಅವನಿಗೂ ಗೊತ್ತಿಲ್ಲ. ಬರಿಗೈಯಲ್ಲಿ ಕಳಿಸಬೇಡಿ, ಏನಾದರೂ ಕೊಟ್ಟು ಕಳಿಸೋಣ ಎಂದು ನನ್ನ ಹೆಂಡತಿ ಬೆಳಿಗ್ಗೆಯಿಂದ ಹೇಳುತ್ತಿದ್ದಾಳೆ.

ಇನ್ನೇನು ಹೊದಿಸಲಿ, ನೀವೇ ಹೇಳಿ?