ಅಂಗೈಯಗಲಕ್ಕೆ ನಿಂತ ರೊಟ್ಟಿ

ಕುಂದಗೋಳ ಸಮೀಪದ ನಮ್ಮೂರಿನ ಓಣಿಯಲ್ಲಿ ನಿಂತರೆ ಯಾರು ರೊಟ್ಟಿ ಬಡಿಯುತ್ತಿದ್ದಾರೆಂದು ಸಪ್ಪಳದಿಂದಲೇ ಹೇಳಬಹುದು. ಅವ್ವನದು ಒಂದೇ ಸಮನೆ ದಪದಪ. ರೊಟ್ಟಿ ತಿರುಗಿಸುವಾಗ ಮಾತ್ರ ಒಂದು ಗಳಿಗೆ ಬಿಡುವು. ಆ ಸಪ್ಪಳದ ಮಗ್ಗುಲಲ್ಲೇ ಕೂತು ನಾನು ಓದಿದ್ದು. ನಮ್ಮ ಮನೆತನದಲ್ಲಿ ಡಿಗ್ರಿ ಪಾಸಾದವಳು ನಾನೇ ಮೊದಲು. ಒಲೆಯ ಹತ್ತಿರ ಸುಳಿದರೆ ಅವ್ವ, "ಏಳಬೇ, ಪುಸ್ತಕ ಹಿಡಿ. ಇದು ನಾ ಸಾಯೂತನಕ ಇದ್ದದ್ದ" ಎಂದು ಎಬ್ಬಿಸುತ್ತಿದ್ದಳು. ಹಾಗಾಗಿ ನನಗೆ ಇವತ್ತಿಗೂ ರೊಟ್ಟಿ ಬಡಿಯಲು ಬರುವುದಿಲ್ಲ.

ಹೋದ ವರ್ಷ ಲಕ್ವ ಹೊಡೆದು ಅವ್ವನ ಬಲಗೈ ಬಿತ್ತು. ಹಿಚುಕಲಿಕ್ಕೆಂದು ಆಸ್ಪತ್ರೆಯವರು ರಬ್ಬರ್ ಚೆಂಡು ಕೊಟ್ಟರು. ಅವ್ವ ಅದನ್ನು ಗೋಡೆಯ ಮಾಡದಲ್ಲಿಟ್ಟು ಜೋಳದ ಹಿಟ್ಟು ಹಿಡಿದಳು. ಮೊದಲ ತಿಂಗಳು ಬೆರಳು ಮಡಚಿದವು. ಮರುತಿಂಗಳು ಹಿಟ್ಟು ನಾದಿದಳು. ಆಮೇಲೊಂದು ಮುಂಜಾನೆ ಅಂಗೈಯಗಲದ ರೊಟ್ಟಿ ಎದ್ದು ಬಂತು. ನಾನು ಕುಣಿದುಬಿಟ್ಟೆ. ಯುಗಾದಿಯೊಳಗೆ ಹಂಚಿನಗಲ ಆಗಿಯೇ ಆಗುತ್ತದೆ ಅಂದುಕೊಂಡೆ.

ಆಗಲಿಲ್ಲ. ಯುಗಾದಿ ಹೋಯಿತು, ರೊಟ್ಟಿ ಅಲ್ಲೇ ನಿಂತಿತ್ತು. ಇನ್ನಷ್ಟು ಬಡಿದರೆ ಅಂಚು ಹರಿಯುತ್ತಿತ್ತು. ಓದಿದವಳೆಂಬ ಸೊಕ್ಕು ನನ್ನದು, ಅವ್ವನಿಗೇ ಪಾಠ ಹೇಳಿದೆ: "ಮನಸ್ಸು ಕೊಟ್ಟು ಬಡಿ ಯವ್ವಾ, ಆಲಸ್ಯ ಮಾಡಬ್ಯಾಡ." ಮರುದಿನ ಅವ್ವ ಎರಡು ಪಟ್ಟು ಹಿಟ್ಟು ನಾದಿ ರಟ್ಟೆ ನೋಯಿಸಿಕೊಂಡಳು.

ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸುವ ಡಾಕ್ಟರು ಇದನ್ನು ಕೇಳಿ ನನ್ನನ್ನೇ ಗದರಿದರು. "ಇಂಥಾ ಕೈ ಏರಿ ಏರಿ ಒಂದು ಮಟ್ಟಕ್ಕ ನಿಂದರತೈತ್ರಿ. ಅವರು ಆಲಸಿ ಆಗ್ಯಾರ ಅಂತಲ್ಲ. ಮುಂದ ಏರಬಹುದು, ಏರದೇನೂ ಇರಬಹುದು. ಬಿಟ್ಟರ ಮಾತ್ರ ಇದ್ದದ್ದೂ ಹೋಗತೈತಿ."

ಬಸ್ಸಿನಲ್ಲಿ ನಾನು ಕಿಟಕಿಯ ಹೊರಗೇ ನೋಡುತ್ತ ಕೂತೆ. ಅವ್ವನೇ, "ಡಿಗ್ರಿಯವ್ವಗ ಬೈಸಿಕೊಂಡು ರೂಢಿ ಇಲ್ಲ ಕಾಣತೈತಿ" ಎಂದು ನಕ್ಕಳು.

ಈಗ ನಮ್ಮ ರೊಟ್ಟಿ ಬಾಜು ಮನೆಯ ಕಾಕಿ ಬಡಿದುಕೊಡುತ್ತಾಳೆ. ಅವಳ ಸಪ್ಪಳ ಬೇರೆ. ಅವಳೆದ್ದ ಮೇಲೆ ಅವ್ವ ಕುಳಿತು ಉಳಿದ ಹಿಟ್ಟಿನಲ್ಲಿ ಒಂದೇ ಒಂದು ಬಡಿಯುತ್ತಾಳೆ. ಹಿಂದೆಯೂ ಕೊನೆಯ ಹಿಟ್ಟಿನ ಸಣ್ಣ ರೊಟ್ಟಿ ಶಾಲೆಗೆ ಹೋಗುತ್ತಿದ್ದ ನನ್ನದೇ ಆಗಿತ್ತು. ದಪ. ಬಿಡುವು. ದಪ. ಆ ಬಿಡುವುಗಳಲ್ಲಿ ನಾನು ಹಳೆಯ ಸಪ್ಪಳಕ್ಕೆ ಕಿವಿಗೊಟ್ಟು ಕೂತಿರುತ್ತೇನೆ.

"ಏನ ಕೇಳಾಕತ್ತಿ? ತಿನ್ನಬೇ, ಆರತೈತಿ."

ಬೆಣ್ಣೆ ಹಚ್ಚಿಕೊಂಡು ತಿನ್ನುತ್ತೇನೆ. ನಾಲ್ಕು ತುತ್ತಿಗೆ ಮುಗಿಯುತ್ತದೆ.