ಮೆತ್ತಗಾದ ಬ್ರೇಕು

ಆ ಸೈಕಲ್ ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಬೆಟ್ಟ ಹತ್ತುವ ಸೈಕಲ್ಲಂತೆ. ಬಸವನಗುಡಿಯಲ್ಲಿ ಕೂತು ಯಾವ ಬೆಟ್ಟ ಹತ್ತಬೇಕಿತ್ತೋ! ಲಾಕ್‌ಡೌನಿನಲ್ಲಿ ನಮ್ಮ ಯಜಮಾನರು ಹುಮ್ಮಸ್ಸಿನಿಂದ ತಂದು, ನಾಲ್ಕು ದಿನ ತುಳಿದು, ಮೆಟ್ಟಿಲ ಕೆಳಗೆ ನಿಲ್ಲಿಸಿದ್ದರು. ಆಮೇಲೆ ಅದರ ಮೇಲೆ ಹಳೇ ಪೇಪರು, ಒದ್ದೆ ಕೊಡೆ, ಧೂಳು. ಹಾಗೇ ಇರಲಿ ಎಂದು ನಾನೂ ಸುಮ್ಮನಿದ್ದೆ.

ಹೋದ ವರ್ಷ ಅವರ ಎದೆಗೆ ಸ್ಟೆಂಟ್ ಹಾಕಿದರು. ಮನೆಗೆ ಬಂದ ಮೇಲೆ ಅವರು ಸುಮ್ಮನೆ ಕೆಮ್ಮಿದರೂ ನಾನು ಒಲೆ ಆರಿಸಿ ಓಡಿಬರುತ್ತಿದ್ದೆ. ಕೆಲವು ತಿಂಗಳಾದ ಮೇಲೆ ಡಾಕ್ಟರು, ನಿಧಾನಕ್ಕೆ ಸೈಕಲ್ ತುಳಿಯಬಹುದು ಅಂದದ್ದೇ ತಡ, ಇವರಿಗೆ ರೆಕ್ಕೆ ಬಂತು. ನಮ್ಮ ಬೀದಿಯ ಕೊನೆಗೆ ಗವೀಪುರದ ಕಡೆ ಒಂದು ಇಳಿಜಾರಿದೆ. ಅದರ ಬುಡದಲ್ಲೇ ಬಸ್ಸು ಓಡಾಡುವ ರಸ್ತೆ. ಇವರ ಮನಸ್ಸೆಲ್ಲ ಆ ಇಳಿಜಾರಿನ ಮೇಲೆ, ನನ್ನ ಭಯವೆಲ್ಲ ಅದರ ಬುಡದಲ್ಲಿ.

ಆಯುಧಪೂಜೆಯ ದಿನ ಸೈಕಲ್ ಹೊರಗೆ ಬಂತು. ನಮ್ಮ ಮನೆಯಲ್ಲಿ ಸೈಕಲ್ ತೊಳೆಯುವುದಕ್ಕೆ ಮಾವನವರ ಕಾಲದಿಂದಲೂ ಒಂದೇ ಕ್ರಮ: ಅಂಗಳದಲ್ಲಿ ತಲೆಕೆಳಗಾಗಿ ನಿಲ್ಲಿಸಿ, ಚಕ್ರ ತಿರುಗಿಸುತ್ತಾ ನೀರು ಹುಯ್ದು, ಹೊಳೆಯಬೇಕಾದ ಕಡೆಗೆಲ್ಲ ಕೊಬ್ಬರಿ ಎಣ್ಣೆ ಸವರುವುದು. ಚಕ್ರದ ನಡುವಿನ ಉಕ್ಕಿನ ತಟ್ಟೆ ತುಕ್ಕು ಹಿಡಿದಿತ್ತು, ಅದಕ್ಕೆ ಎಣ್ಣೆ ಸ್ವಲ್ಪ ಜಾಸ್ತಿಯೇ ಬಿತ್ತು. ಅರಿಶಿನ ಕುಂಕುಮ, ಸೇವಂತಿಗೆ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು, ಎಲ್ಲ ಆಯಿತು. ಪೂಜೆಯಾದ ಗಾಡಿಯಲ್ಲಿ ಒಂದು ರೌಂಡು ಹೋಗಬೇಕಲ್ಲ, ಇವರು ಹತ್ತಿದರು. ನಿಂಬೆಹಣ್ಣು ಪಚಕ್ಕೆಂದಿತು. ಗೇಟಿನ ಹತ್ತಿರ ಬ್ರೇಕ್ ಹಿಡಿದರು, ಸೈಕಲ್ ನಿಲ್ಲಲಿಲ್ಲ! ಸೀದಾ ಎದುರುಮನೆಯ ಕಾಂಪೌಂಡಿಗೆ ಹೋಗಿ ಗುದ್ದಿತು. ಕಾಲೂರಿದ್ದರಿಂದ ಬಚಾವಾದರು.

ನಾನು ಹೋಗಿ ಬ್ರೇಕ್ ಅದುಮಿ ನೋಡಿದೆ. ಬೇಯದ ಇಡ್ಲಿ ಒತ್ತಿದ ಹಾಗೆ ಮೆತ್ತಗೆ ಹ್ಯಾಂಡಲ್‌ವರೆಗೂ ಹೋಯಿತು. ಇದೇ ಇಳಿಜಾರಿನಲ್ಲಿ ಆಗಿದ್ದರೆ?

"ಇದನ್ನ ಗುಜರಿಗೆ ಹಾಕ್ಬಿಡಿ ರೀ, ನಿಮ್ಮ ದಮ್ಮಯ್ಯ ಅಂತೀನಿ."

"ಸುಮ್ನಿರೇ. ಒಳಗೆ ಗಾಳಿ ಸೇರ್ಕೊಂಡಿದೆ ಅಷ್ಟೇ. ತೆಗೆದ್ರೆ ಸರಿಹೋಗತ್ತೆ."

ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತದ್ದು. ಇದು ತಂತಿಯ ಬ್ರೇಕಲ್ಲವಂತೆ, ಪೈಪಿನೊಳಗೆ ಎಣ್ಣೆ ಇರುವ ಬ್ರೇಕಂತೆ. ವರ್ಷಗಟ್ಟಲೆ ನೋಡದೆ ಬಿಟ್ಟರೆ ಎಣ್ಣೆ ಕಡಿಮೆಯಾಗಿರುತ್ತದೆ, ತಲೆಕೆಳಗೆ ಮಾಡಿದರೆ ಎಣ್ಣೆ ಇಳಿದ ಜಾಗದಲ್ಲಿದ್ದ ಗಾಳಿ ಪೈಪಿಗೆ ನುಗ್ಗುತ್ತದೆ. ಇನ್ನು ಬ್ರೇಕ್ ಕಚ್ಚುವ ಆ ಉಕ್ಕಿನ ತಟ್ಟೆಗೆ ಎಣ್ಣೆ ಸೋಕಲೇಬಾರದಂತೆ, ಸೋಕಿದರೆ ಬ್ರೇಕ್ ಹಿಡಿಯುವುದಿಲ್ಲ. ಅಂದರೆ ನಾವು ಪೂಜೆ ಮಾಡಿಯೇ ಬ್ರೇಕ್ ಹಾಳು ಮಾಡಿದ್ದೆವು. ಇಬ್ಬರೂ ಸೇರಿ, ಭಕ್ತಿಯಿಂದ!

ಅಂಗಡಿಗೆ ಕೊಡಿ ಎಂದು ಬಡಿದುಕೊಂಡೆ. ಕೇಳಿದರೆ ತಾನೇ? ಹಬ್ಬ ಮುಗಿದ ಮೇಲೆ ಬ್ರೇಕಿನ ಎಣ್ಣೆ, ತಟ್ಟೆಯನ್ನು ಕಚ್ಚಿ ಹಿಡಿಯುವ ಹೊಸ ಪ್ಯಾಡು ತಂದರು. ಮೆಡಿಕಲ್ ಶಾಪಿನಿಂದ ಸಿರಿಂಜು. ಅದನ್ನು ನೋಡಿದ್ದೇ ನನಗೆ ಆಸ್ಪತ್ರೆಯ ವಾಸನೆ ಬಂದ ಹಾಗಾಯಿತು. ತಟ್ಟೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಕೆಳಗಿನಿಂದ ಇವರು ಸಿರಿಂಜಿನಲ್ಲಿ ಎಣ್ಣೆ ಒತ್ತುವುದು, ಮೇಲೆ ಪುಟ್ಟ ಬಟ್ಟಲು ಹಿಡಿದು ಗಾಳಿಯ ಗುಳ್ಳೆ ಬರುವುದನ್ನು ನಾನು ನೋಡುವುದು. ಒಂದೊಂದು ಗುಳ್ಳೆಗೂ ಇವರು "ಬಂತು ನೋಡು" ಎಂದು ಹಿಗ್ಗಿದರು. ಇನ್ನೂ ಒಂದು ಒಳಗೇ ಉಳಿದಿದ್ದರೆ ಎಂದು ನಾನು ಒಳಗೊಳಗೇ ಸಾಯುತ್ತಿದ್ದೆ.

ಸಂಜೆಗೆ ಬ್ರೇಕ್ ಗಟ್ಟಿಯಾಯಿತು. ಇವರು ಶೂ ಹುಡುಕತೊಡಗಿದರು. ನಾನು ವೇಲನ್ನು ಸೊಂಟಕ್ಕೆ ಬಿಗಿದು ಸೈಕಲ್ ಹಿಡಿದೆ.

"ಮೊದ್ಲು ನಾನು ಹೋಗ್ತೀನಿ."

"ತಲೆ ಕೆಟ್ಟಿದ್ಯೇನೇ ನಿಂಗೆ?"

"ನಾನು ಬಿದ್ರೆ ಮಂಡಿ ಒಡೆಯತ್ತೆ. ರಕ್ತ ತೆಳ್ಳಗೆ ಮಾಡೋ ಮಾತ್ರೆ ನುಂಗೋರು ನೀವು. ನೀವು ಬಿದ್ರೆ ರಕ್ತ ನಿಲ್ಲತ್ತಾ?"

ಅಷ್ಟಂದು ಹತ್ತಿಯೇಬಿಟ್ಟೆ. ಕಾಲೇಜಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದವಳು ನಾನು, ಆದರೆ ಅದು ಯಾವ ಕಾಲದ ಮಾತು! ಇಳಿಜಾರು ಶುರುವಾದದ್ದೇ ಸೈಕಲ್ ನನ್ನ ಕೈ ಮೀರಿತು. ಬ್ರೇಕ್ ಅದುಮಿದೆ. ಕಿರ್ರೆಂದಿತು, ವೇಗ ಇಳಿಯಲಿಲ್ಲ. ಹೊಸ ಪ್ಯಾಡು ಮೊದಮೊದಲು ಸರಿಯಾಗಿ ಹಿಡಿಯುವುದಿಲ್ಲ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಸತ್ತೆ ಅಂದುಕೊಂಡೆ. ಒಲೆಯ ಮೇಲೆ ಹಾಲಿಟ್ಟಿದ್ದೆನಾ ಎಂಬ ಯೋಚನೆಯೂ ಬಂತು, ಏನು ಹೇಳುವುದು! ಕಣ್ಣು ಮುಚ್ಚಿ ಇದ್ದಬದ್ದ ಬಲವನ್ನೆಲ್ಲ ಬೆರಳಿಗೆ ಹಾಕಿದೆ. ನಿಧಾನವಾಗಿ ಹಿಡಿಯಿತು, ಆಮೇಲೆ ಗಟ್ಟಿಯಾಗಿಯೇ ಹಿಡಿಯಿತು. ಬಸ್ಸೊಂದು ಮುಂದೆ ಹಾದುಹೋದಾಗ ನಾನು ಎರಡೂ ಕಾಲೂರಿ ನಿಂತಿದ್ದೆ.

"ಹಿಡೀತು ರೀ!" ಎಂದು ಕೂಗಲು ಹಿಂದೆ ತಿರುಗಿದೆ.

ಇವರು ಇಳಿಜಾರಿನಲ್ಲಿ ಓಡಿಬರುತ್ತಿದ್ದರು. ಬರಿಗಾಲು, ಲುಂಗಿ ಮೇಲೆತ್ತಿಕೊಂಡು, ಬಾಯಿ ತೆರೆದುಕೊಂಡು. ನನ್ನ ಹತ್ತಿರ ಬಂದವರೇ ಎದೆ ಹಿಡಿದು ಫುಟ್‌ಪಾತಿನ ಮೇಲೆ ಕುಸಿದರು. ಸೈಕಲ್ ಎಲ್ಲಿ ಬಿಸಾಡಿದೆನೋ ಗೊತ್ತಿಲ್ಲ.

"ಮಾತಾಡ್ರೀ! ನೋಯ್ತಾ ಇದ್ಯಾ? ಮಾತಾಡಿ!"

ಎಷ್ಟೋ ಹೊತ್ತು ಅವರಿಗೆ ಉಸಿರೇ ಸಿಗಲಿಲ್ಲ. ಆಮೇಲೆ, "ನೋವಿಲ್ಲ ಕಣೇ, ಸುಸ್ತು. ನೀನು ಬಸ್ಸಿನ ಕೆಳಗೆ ಹೋದೆ ಅನ್ಕೊಂಡೆ" ಎಂದು ಚಿಕ್ಕ ಮಗುವಿನ ಹಾಗೆ ಅತ್ತರು. ನಾನು ಬಾಯಿಗೆ ಬಂದ ಹಾಗೆ ಬೈದೆ, ಬೈಯುತ್ತಲೇ ಅತ್ತೆ.

ನಿಂತು ನಿಂತು ಮೇಲೆ ಹತ್ತಿದೆವು. ನನ್ನ ಒಂದು ಕೈಯಲ್ಲಿ ಸೈಕಲ್, ಇನ್ನೊಂದರಲ್ಲಿ ಅವರ ಮಣಿಕಟ್ಟು. ಎದುರಿಗೆ ಬಂದ ಪರಿಚಯದವರು ನಮ್ಮನ್ನು ನೋಡಿ ನಕ್ಕು, "ಈ ವಯಸ್ಸಲ್ಲೂ ಕೈ ಕೈ ಹಿಡ್ಕೊಂಡು ವಾಕಿಂಗಾ?" ಅಂದರು. ನಾನೂ ನಕ್ಕೆ. ಬೆರಳು ಮಾತ್ರ ಅವರ ನಾಡಿಯ ಮೇಲಿಂದ ತೆಗೆಯಲಿಲ್ಲ.