ಮೀನಿಲ್ಲದ ತೊಟ್ಟಿಗೆ ಊಟ

ಪ್ರತಿ ವಾರ ಕವಿತಾಳದಿಂದ ಬಸ್ಸು ಹಿಡಿದು ರಾಯಚೂರಿನ ನನ್ನ ಬಣ್ಣದ ಮೀನಿನ ಅಂಗಡಿಗೆ ಬಂದು, ಮೀನು ಬಿಟ್ಟು ಮಿಕ್ಕೆಲ್ಲವನ್ನೂ ಕೊಳ್ಳುವ ಗಿರಾಕಿಯೆಂದರೆ ನಿಂಗರಾಜ. ಹೊಸ ಗಾಜಿನ ತೊಟ್ಟಿಗೆ ಅವಸರದಲ್ಲಿ ಬಿಟ್ಟ ಮೊದಲ ಮೀನು ಸತ್ತ ಮೇಲೆ, ನೀರಿನ ವಿಷ ತಿನ್ನುವ ಸಣ್ಣ ಹುಳಗಳು ಫಿಲ್ಟರಿನ ಸ್ಪಂಜಿನಲ್ಲಿ ಬೆಳೆಯುವವರೆಗೂ ಇನ್ನೊಂದು ಮೀನು ತರುವುದಿಲ್ಲವೆಂದು ಹಟ ಹಿಡಿದಿದ್ದಾನೆ. ಆ ಹುಳಗಳಿಗೆಂದು ಖಾಲಿ ನೀರಿಗೆ ದಿನಾ ಚಿಟಿಕೆ ಮೀನಿನ ತಿಂಡಿ ಉದುರಿಸುತ್ತಾನೆ. "ಯಾರಿಗಿ ಉಣಸಾಕತ್ತೀಯಲೇ?" ಎಂದು ಓಣಿಯವರು ನಕ್ಕರೆ, "ಕಣ್ಣಿಗಿ ಕಾಣದ ಬೀಗರಿಗಿ" ಎನ್ನುತ್ತಾನೆ. ಸ್ಪಂಜು ಲೋಳೆಗಟ್ಟಿದಷ್ಟೂ ಅವನ ಮುಖ ಅರಳುತ್ತದೆ. ದಸರೆಗೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಒಗೆಯುವಾಗ ತಾಯಿ ಆದೆಮ್ಮ, "ಯವ್ವಾ, ಎಷ್ಟ ಹೊಲಸ ಹಿಡದದ!" ಎಂದು ಆ ಸ್ಪಂಜನ್ನೂ ಸೋಪಿನ ಪುಡಿಯಲ್ಲಿ ತಿಕ್ಕಿ ಬಿಸಿಲಿಗೆ ಹಾಕಿದಳು. ಸಾಕಿದ ಹುಳಗಳೆಲ್ಲ ಸತ್ತವೆಂದು ನಿಂಗರಾಜ ಮರುದಿನವೇ ಅಂಗಡಿಗೆ ಬಂದ. ನನ್ನ ಹಳೆಯ ತೊಟ್ಟಿಯ ಕೊಳಕು ಸ್ಪಂಜನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ಇಸಿದುಕೊಂಡು ಹೋಗಿ ಮತ್ತೆ ಮೊದಲಿನಿಂದ ಶುರುಮಾಡಿದ. ಮೊನ್ನೆ ನಾನೇ ಬೇಸತ್ತು, "ಒಂದ ಮೀನ ಒಯ್ಯಪಾ, ಸತ್ರ ಬ್ಯಾರೆ ಕೊಡ್ತೀನಿ" ಎಂದೆ. "ಆ ಸತ್ತ ಮೀನಿಗಿ ಮಗಳು ನನ್ನ ಹೆಸರ ಇಟ್ಟಿದ್ಲ್ರೀ ಸಾವ್ಕಾರ್ರ," ಎಂದ. "ಈಗ ನಾ ಮಲಗಿದ್ರ ಸಾಕು, ಉಸಿರು ಅದನೋ ಇಲ್ಲೋ ಅಂತ ಮೂಗಿನ ಹತ್ರ ಕೈ ಹಿಡೀತಾಳ."